ನೆರೆನಾಡುಗಳ ವ್ಯಾಪಾರಮೈತ್ರಿಯೂ ನಮ್ಮ ಅಡಕೆಯೂ

(ಶಾಲಾ ವಾರ್ಷಿಕೋತ್ಸವದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕುಂಬ್ಡಾಜೆಯ ಅಂಗಳಗಳಲ್ಲಿ ಒಣಗುವ ಅಡಕೆಗೂ ದೂರದ ರಾಜಧಾನಿಗಳಲ್ಲಿ ಸಹಿಯಾಗುವ ಒಪ್ಪಂದಗಳಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವು ಬಹಳ ನಿಕಟವಾದುದು. ಅಡಕೆಯ ಧಾರಣೆ ಕುಸಿದ ವರ್ಷ ಮಕ್ಕಳ ವಿದ್ಯಾಭ್ಯಾಸಕ್ಕೂ ಅಡಚಣೆಯೊದಗುವುದರಿಂದ ಈ ವಿಷಯವನ್ನು ಇಲ್ಲಿ ಪ್ರಸ್ತಾಪಿಸುತ್ತೇವೆ.

ನೆರೆಯ ರಾಷ್ಟ್ರಗಳು ಒಟ್ಟುಗೂಡಿ, ತಮ್ಮೊಳಗಿನ ಸರಕುಗಳ ಸುಂಕವನ್ನು ಇಳಿಸಿಯೋ ತೆಗೆದುಹಾಕಿಯೋ ವ್ಯಾಪಾರ ನಡೆಸುವುದಕ್ಕೆ ಪ್ರಾದೇಶಿಕ ಆರ್ಥಿಕ ಏಕೀಕರಣವೆಂದು ಹೆಸರು. ಯುರೋಪಿನ ಆರು ರಾಷ್ಟ್ರಗಳು 1957ರಲ್ಲಿ ರೋಮ್ ನಗರದಲ್ಲಿ ಮಾಡಿಕೊಂಡ ಒಪ್ಪಂದವು ಇದಕ್ಕೆ ಪ್ರಸಿದ್ಧ ನಿದರ್ಶನ. ನಮ್ಮ ದೇಶವೂ ಈ ಮಾರ್ಗವನ್ನು ಹಿಡಿದಿದೆ. ಶ್ರೀಲಂಕೆಯೊಡನೆ 1998ರಲ್ಲಿ ಸಹಿಯಾದ ಒಪ್ಪಂದವು 2000ದಲ್ಲಿ ಜಾರಿಗೆ ಬಂದಿತು. ಸಾರ್ಕ್ ರಾಷ್ಟ್ರಗಳ ಒಪ್ಪಂದವು 2006ರಲ್ಲಿ, ಆಗ್ನೇಯ ಏಷ್ಯದ ಆಸಿಯಾನ್ ರಾಷ್ಟ್ರಗಳೊಡನೆ ಮಾಡಿದುದು 2010ರಲ್ಲಿ.

ಇದರಿಂದ ಲಾಭವಿಲ್ಲವೆಂದಲ್ಲ. ನಮ್ಮ ವಾಹನ, ಔಷಧ, ಬಟ್ಟೆಗಳಿಗೆ ಶ್ರೀಲಂಕೆಯಲ್ಲಿ ಮಾರುಕಟ್ಟೆಯುಂಟು. ಆದರೆ ವಾಹನ ಮಾರುವವನೂ ಅಡಕೆ ಬೆಳೆಯುವವನೂ ಒಬ್ಬನೇ ಅಲ್ಲ. ಲಾಭವು ಹಲವರಿಗೆ ಹಂಚಿಹೋಗುವುದು; ನಷ್ಟವು ಕೆಲವರ ತಲೆಯ ಮೇಲೆಯೇ ಬೀಳುವುದು.

ಅರ್ಥಶಾಸ್ತ್ರಜ್ಞ ಜೇಕಬ್ ವೈನರ್ 1950ರಲ್ಲಿ ಒಂದು ಭೇದವನ್ನು ತೋರಿಸಿಕೊಟ್ಟರು. ಒಕ್ಕೂಟದ ಫಲವಾಗಿ ದುಬಾರಿ ಸರಕಿನ ಸ್ಥಾನಕ್ಕೆ ಅಗ್ಗದ ಸರಕು ಬಂದರೆ ಅದು ವ್ಯಾಪಾರದ ಸೃಷ್ಟಿ. ಹೊರಗಿನ ಅಗ್ಗದ ಸರಕನ್ನು ಬಿಟ್ಟು, ಸುಂಕವಿಲ್ಲವೆಂಬ ಕಾರಣದಿಂದಲೇ ಒಳಗಿನ ದುಬಾರಿ ಸರಕನ್ನು ಕೊಂಡರೆ ಅದು ವ್ಯಾಪಾರದ ಪಲ್ಲಟ. ನಮ್ಮ ಕೃಷಿಕರು ಕಂಡ ಮೂರನೆಯದೊಂದುಂಟು. ಅದು ವೇಷ ಮರೆಸಿದ ವ್ಯಾಪಾರ. ಹೊರದೇಶದ ಅಡಕೆಗೆ ಸಾಮಾನ್ಯವಾಗಿ ನೂರಕ್ಕೆ ನೂರರಷ್ಟು ಸುಂಕವುಂಟು, ನೆರೆನಾಡುಗಳಿಗೆ ರಿಯಾಯಿತಿಯುಂಟು. ಆದುದರಿಂದ ಬೇರೆಲ್ಲಿಯೋ ಬೆಳೆದ ಅಡಕೆ ನೆರೆನಾಡಿನ ಹೆಸರಿನಲ್ಲಿ ಒಳಬಂದ ಪ್ರಕರಣಗಳು ಪತ್ತೆಯಾಗಿವೆ. ವಿಯೆಟ್ನಾಮಿನ ಒಳ್ಳೆಮೆಣಸು ಶ್ರೀಲಂಕೆಯ ಮಾರ್ಗವಾಗಿ ಬರುತ್ತಿದೆಯೆಂಬ ದೂರೂ ಕೇಳಿಬಂದಿತ್ತು.

ಇದನ್ನು ತಡೆಯಲು ಎರಡು ಬೇಲಿಗಳುಂಟು. ಸರಕು ಎಲ್ಲಿ ಹುಟ್ಟಿತೆಂಬುದಕ್ಕೆ ಪ್ರಮಾಣಪತ್ರ ಬೇಕೆಂಬುದು ಮೊದಲನೆಯದು. ಗೊತ್ತುಪಡಿಸಿದ ಬೆಲೆಗಿಂತ ಕಡಮೆಗೆ ಆಮದು ಕೂಡದೆಂಬ ಕನಿಷ್ಠ ಆಮದು ಬೆಲೆಯು ಎರಡನೆಯದು. ಅಡಕೆಗೆ ಇದು 2017ರಲ್ಲಿ ಕಿಲೋ ಒಂದಕ್ಕೆ 251 ರೂಪಾಯಿಯಾಗಿ, 2023ರಲ್ಲಿ 351 ರೂಪಾಯಿಗೆ ಏರಿತು. ಒಳ್ಳೆಮೆಣಸಿಗೆ 2017ರಲ್ಲಿ 500 ರೂಪಾಯಿ ನಿಗದಿಯಾಯಿತು. ಬೇಲಿಯಲ್ಲಿ ಕಂಡಿಗಳೂ ಇರುವವು. 2022ರಲ್ಲಿ ಭೂತಾನದ 17,000 ಟನ್ ಹಸಿ ಅಡಕೆಗೆ ಈ ಬೆಲೆಯ ನಿರ್ಬಂಧವಿಲ್ಲದೆ ಅನುಮತಿ ದೊರೆಯಿತು. ಭೂತಾನದ ಕೃಷಿಕನೂ ನಮ್ಮಂತೆಯೇ ಬಡವನೆಂಬುದನ್ನು ಮರೆಯಲಾಗದು. ನಮ್ಮ ಆಕ್ಷೇಪವು ನೆರೆಯವನ ಮೇಲಲ್ಲ, ಅವನ ಹೆಸರನ್ನು ಕದಿಯುವವರ ಮೇಲೆ.

ಹಾಗಾದರೆ ಸಣ್ಣ ಕೃಷಿಕನಿಗೆ ಗತಿಯೇನು? ಉತ್ತರವು ನಮ್ಮ ಸಮೀಪದಲ್ಲಿಯೇ ಇದೆ. 1956ರಲ್ಲಿ ರಾಜ್ಯಗಳ ಗಡಿಯು ನಮ್ಮನ್ನು ದಕ್ಷಿಣ ಕನ್ನಡದಿಂದ ಬೇರ್ಪಡಿಸಿತು. ತೋಟಗಳ ಕಷ್ಟಸುಖ ಬೇರಾಗಲಿಲ್ಲ. ಅಡಕೆಯ ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಅದರ ಸದಸ್ಯರು. ಗಡಿ ಮೀರಿದ ಈ ಒಗ್ಗೂಡುವಿಕೆ ದುರ್ಬಲನಿಗೆ ಮಾರುಕಟ್ಟೆಯಲ್ಲಿ ನಿಲ್ಲುವ ಬಲವನ್ನು ಕೊಟ್ಟಿತು. ರಾಷ್ಟ್ರಗಳು ಕೂಡುವಾಗ ಕೃಷಿಕರು ಬಿಡಿಬಿಡಿಯಾಗಿದ್ದರೆ ನಷ್ಟವು ಅವರದೇ.

ವಿದ್ಯಾರ್ಥಿಗಳೆ, ನಾಳೆ ಇಂತಹ ಒಪ್ಪಂದಗಳನ್ನು ಓದಿ, ಲೆಕ್ಕ ಹಾಕಿ, ಪ್ರಶ್ನಿಸಬಲ್ಲವರು ನಿಮ್ಮೊಳಗಿಂದಲೇ ಬರಬೇಕು. ಪೋಷಕರೆ, ಧಾರಣೆ ಇಳಿದರೂ ಮಕ್ಕಳ ಓದು ನಿಲ್ಲದಿರಲಿ ಎಂದು ಪ್ರಾರ್ಥಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.