ತಟ್ಟೆಯ ಲೆಕ್ಕ, ದುಡಿಮೆಯ ಲೆಕ್ಕ

ಆರೋಗ್ಯಕ್ಕೆ ಆಹಾರ ಮುಖ್ಯವೋ ವ್ಯಾಯಾಮ ಮುಖ್ಯವೋ ಎಂಬ ಪ್ರಶ್ನೆ ಮೇಗುಂದದ ಹಿರಿಯರನ್ನು ಅಷ್ಟಾಗಿ ಕಾಡಿರಲಾರದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಈ ಸೀಮೆಯಲ್ಲಿ ಉಣ್ಣುವುದೂ ದುಡಿಯುವುದೂ ಒಂದೇ ನೊಗಕ್ಕೆ ಕಟ್ಟಿದ ಜೋಡಿ ಎತ್ತುಗಳಾಗಿದ್ದುವು. ನೆರೆಮನೆಗೆ ಹೋಗಬೇಕಾದರೂ ಒಂದು ಗುಡ್ಡ ಹತ್ತಿ ಒಂದು ಹಳ್ಳ ದಾಟಬೇಕು. ಸೊಪ್ಪಿನ ಬೆಟ್ಟದಿಂದ ತಲೆಹೊರೆ ಇಳಿಸಬೇಕು. ಮಳೆಗಾಲದ ಕೆಸರಿನಲ್ಲಿ ಬೆನ್ನು ಬಗ್ಗಿಸಿ ನಾಟಿ ಮಾಡಬೇಕು. ಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೂ ಅಡಿಕೆ ಸುಲಿಯಬೇಕು. ಒರಳು ಒನಕೆಗಳೇ ಮನೆಮನೆಯ ಗರಡಿಯಾಗಿದ್ದುವು ಎಂದರೆ ಅತಿಶಯೋಕ್ತಿಯಾಗಲಾರದು. ಬೆಳಗಿನ ಕಡುಬು, ಅಕ್ಕಿರೊಟ್ಟಿ, ಮಧ್ಯಾಹ್ನದ ಅನ್ನ, ರಾತ್ರಿಯ ಗಂಜಿ, ಇವೆಲ್ಲ ಆ ದುಡಿಮೆಯಲ್ಲಿ ಕರಗಿಹೋಗುತ್ತಿದ್ದುವು.

ಹಾಗೆಂದು ಹಿಂದಿನ ಕಾಲವನ್ನು ಸ್ವರ್ಗವೆಂದು ಬಗೆಯಬೇಕಾಗಿಲ್ಲ. ಅದೇ ಗದ್ದೆ ತೋಟಗಳಲ್ಲಿ ಮಲೇರಿಯಾ ಜ್ವರ ಮನೆಮಾಡಿಕೊಂಡಿತ್ತು. ಜ್ವರಗಡ್ಡೆಯ ಹೊಟ್ಟೆ ಹೊತ್ತ ಮಕ್ಕಳು ಮಲೆನಾಡಿನ ಸಾಮಾನ್ಯ ನೋಟವಾಗಿದ್ದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಮೊದಲಾಗಿ ಡಿ.ಡಿ.ಟಿ. ಸಿಂಪಡಿಸಿದ ಮೇಲೆ ಆ ಪಿಡುಗು ಹಿಮ್ಮೆಟ್ಟಿತು. ಊಟವೂ ಮೈದುಡಿಮೆಯೂ ತಡೆಯಲಾರದ ರೋಗಗಳುಂಟು ಎಂಬುದನ್ನು ಮರೆಯಬಾರದು.

ಇಂದು ಕಾಲ ಬದಲಾಗಿದೆ. ಉಳುವುದಕ್ಕೆ ಟಿಲ್ಲರ್, ಸುಲಿಯುವುದಕ್ಕೆ ಯಂತ್ರ, ಕಳೆ ಕೊಚ್ಚುವುದಕ್ಕೆ ಯಂತ್ರ, ಅಂಗಳದಲ್ಲಿ ಮೋಟಾರು ಸೈಕಲ್ಲು. ಬೆನ್ನಿನ ಭಾರ ಇಳಿದುದಕ್ಕೆ ಯಾರೂ ದುಃಖಿಸಬೇಕಾಗಿಲ್ಲ. ಆದರೆ ದುಡಿಮೆ ಬದಲಾದ ಸುದ್ದಿ ತಟ್ಟೆಗೆ ಇನ್ನೂ ತಲುಪಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಿಹಿಮೂತ್ರರೋಗವಿದೆ. ಇದು ಪೇಟೆಯವರ ರೋಗವೆಂದು ಹಳ್ಳಿಯವರು ನೆಮ್ಮದಿಯಾಗಿರುವ ಕಾಲ ಕಳೆದುಹೋಯಿತು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ಒಟ್ಟು ನಲವತ್ತು ಗ್ರಾಮಿನಷ್ಟಾಯಿತು. ಅದರಿಂದ ಬರುವುದು ಸುಮಾರು 160 ಕ್ಯಾಲೊರಿ. 60 ಕಿಲೊ ತೂಕದ ವ್ಯಕ್ತಿ ಇಷ್ಟನ್ನು ವ್ಯಯಮಾಡಲು ಸಮತಟ್ಟಾದ ದಾರಿಯಲ್ಲಿ ಸುಮಾರು ಮೂರು ಕಿಲೊಮೀಟರು ನಡೆಯಬೇಕು. ಆ ಸಕ್ಕರೆಯನ್ನು ಬಿಡುವುದಕ್ಕೆ ಅರೆಕ್ಷಣ ಸಾಕು. ತೂಕ ಇಳಿಸುವ ಮಾತು ಬಂದಾಗ ತಟ್ಟೆಯ ಕೈಯೇ ಮೇಲಾಗುವುದು ಈ ಕಾರಣದಿಂದ.

ಹಾಗಾದರೆ ನಡಿಗೆ ವ್ಯರ್ಥವೆ? ಖಂಡಿತ ಅಲ್ಲ. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ದುಡಿಯುವವರನ್ನು ಪರೀಕ್ಷಿಸಿ ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಕುಳಿತೇ ಇರುವ ಚಾಲಕರಿಗಿಂತ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರರಿಗೆ ಹೃದಯಾಘಾತ ಕಡಿಮೆಯೆಂದು ಅದರಿಂದ ತಿಳಿದುಬಂತು. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ತಾನೇ ಹೀರಿಕೊಳ್ಳುತ್ತದೆ, ಹೃದಯ ಗಟ್ಟಿಯಾಗುತ್ತದೆ, ಮುಪ್ಪಿನಲ್ಲಿ ಕಾಲು ತಡವರಿಸುವುದಿಲ್ಲ. ತೂಕ ಒಂದು ಸೇರೂ ಇಳಿಯದಿದ್ದರೂ ಈ ಲಾಭ ತಪ್ಪದು. ಉಪವಾಸದಿಂದ ಮೈ ಬಡವಾದೀತು, ಬಲ ಬಾರದು.

ನಮ್ಮ ವಾಗ್ಭಟನೂ ಎರಡನ್ನೂ ಬಿಡಲಿಲ್ಲ. ಹೊಟ್ಟೆಯ ಅರ್ಧವನ್ನು ಘನ ಆಹಾರಕ್ಕೆ, ಕಾಲುಭಾಗವನ್ನು ದ್ರವಕ್ಕೆ ಮೀಸಲಿಟ್ಟು ಉಳಿದುದನ್ನು ಖಾಲಿ ಬಿಡಬೇಕೆಂದನು. ವ್ಯಾಯಾಮವನ್ನೂ ತನ್ನ ಶಕ್ತಿಯ ಅರ್ಧಕ್ಕೆ ನಿಲ್ಲಿಸಬೇಕೆಂದನು.

ಆದರೆ ಈ ಉಪದೇಶ ಎಲ್ಲರಿಗೂ ಒಂದೇ ಅಲ್ಲ. ಮರವೇರಿ ಅಡಿಕೆಗೊನೆ ಇಳಿಸುವವನಿಗೆ, ತೋಟದಲ್ಲಿ ಹೊರೆ ಹೊರುವವಳಿಗೆ ವ್ಯಾಯಾಮದ ಬೋಧೆ ಅಣಕವಾದೀತು. ಅವರಿಗೆ ಬೇಕಾದುದು ಕಾಳು, ಸೊಪ್ಪು, ಹಾಲು, ವಿಶ್ರಾಂತಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರೆಂದು ಕಂಡುಬಂತು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದುದನ್ನು ಉಣ್ಣುವ ತಾಯಿಯ ತಟ್ಟೆಯನ್ನು ನೋಡದೆ ಆರೋಗ್ಯದ ಚರ್ಚೆ ಪೂರ್ಣವಾಗದು.

ಇನ್ನು ನಮ್ಮ ಸೀಮೆಗೆ ಒಪ್ಪುವ ದಾರಿ ಯಾವುದು? ಒಂದೆಲಗದ ತಂಬುಳಿ, ಕೆಸುವಿನ ಪತ್ರೊಡೆ, ಬಸಳೆ, ಕಳಲೆ ಇವು ಅಂಗಳದಂಚಿನಲ್ಲೇ ಸಿಗುವ ಸಂಪತ್ತು. ಅನ್ನದ ಪಾಲನ್ನು ತಗ್ಗಿಸಿ ಕಾಳು ಸೊಪ್ಪುಗಳಿಗೆ ಎಡೆಮಾಡಿಕೊಟ್ಟರೆ ಅಜ್ಜಿಯ ಅಡುಗೆಯನ್ನು ತೊರೆದಂತಾಗುವುದಿಲ್ಲ. ಮಳೆಗಾಲದ ನಂಟರಾದ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳಗಳಲ್ಲಿ ಮಾತ್ರ ಕೈ ಹಿಡಿತವಿರಲಿ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯುವಷ್ಟು ಶ್ರಮವಿರಬೇಕೆಂದೂ ಅದು ಹೇಳುತ್ತದೆ. ಜಡಿಮಳೆಯಲ್ಲಿ ದಾರಿಗಿಳಿಯಲಾಗದಿದ್ದರೆ ಉದ್ದನೆಯ ಜಗುಲಿಯಿದೆ, ಅಟ್ಟದ ಮೆಟ್ಟಿಲಿದೆ.

ಮೈ ಬಗ್ಗಿಸಿದ ದಿನ ಹೊಟ್ಟೆ ತುಂಬ ಉಣ್ಣೋಣ. ಕುಳಿತು ಕಳೆದ ದಿನ ಎರಡನೆಯ ಸಲ ಬಡಿಸಬೇಡಿರೆಂದು ಕೈ ಅಡ್ಡ ಹಿಡಿಯೋಣ.