ಮೂರು ಕಾಸಿನ ಲೆಕ್ಕ



ತರೀಕೆರೆ, ಬೀರೂರು, ಅಜ್ಜಂಪುರಗಳಿಂದ ಘಾಟಿಯೇರಿ ಈ ಕೆಮ್ಮಣ್ಣುಗುಂಡಿಗೆ ಬಂದಿರುವ ತಮ್ಮೆಲ್ಲರ ಮನೆಗಳಲ್ಲಿಯೂ ‘ಅವನಿಗೆ ಮೂರು ಕಾಸಿನ ಮರ್ಯಾದೆಯಿಲ್ಲ’ ಎಂಬ ಮಾತು ನಿತ್ಯ ಬಳಕೆಯಲ್ಲಿರುವುದಾದ್ದರಿಂದ, ಅದೊಂದನ್ನು ಬಿಟ್ಟು ನಾನು ಇಂದು ಆಚೆಗೆ ಹೋಗಲಾರೆ. ಒಂದಾಗದೆ, ಎರಡಾಗದೆ, ಕಾಸು ಮೂರೇ ಏತಕ್ಕಾಯಿತು?

‘ಮೂರು ದಿನದ ಬಾಳು’, ‘ಮೂರಾಬಟ್ಟೆ’ ಎಂಬಲ್ಲಿರುವಂತೆ ಇದು ಕೇವಲ ತಿರಸ್ಕಾರದ ಸಂಖ್ಯೆಯೆಂಬ ಅಭಿಪ್ರಾಯವುಂಟು. ನನಗೆ ಅದು ಸಮ್ಮತವಲ್ಲ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬರುವವರೆಗೆ ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ, ಪೈಸೆಗೆ ಮೂರು ಕಾಸು. ಅಂತು ರೂಪಾಯಿಗೆ 192 ಕಾಸು. ಈ ಬೆಟ್ಟವನ್ನು ಅಗೆದು ಭದ್ರಾವತಿಯ ಕಾರ್ಖಾನೆಗೆ ಅದಿರು ಕಳುಹಿಸಿದ ಕೂಲಿಗಾರರ ಬಟವಾಡೆಯೂ ಅಲ್ಲಿಯವರೆಗೆ ಈ ಲೆಕ್ಕದಲ್ಲಿಯೇ ನಡೆದದ್ದು. ಆದಕಾರಣ ಮೂರು ಕಾಸೆಂಬುದು ಅಂಗೈಯಲ್ಲಿ ಹಿಡಿದ ಒಂದು ತಾಮ್ರದ ನಾಣ್ಯ. ಮರ್ಯಾದೆಯನ್ನು ಜನರು ಅಳೆದದ್ದು ಅದರಿಂದ. ‘ಹದಿನಾರಾಣೆ ಸತ್ಯ’ವೆಂಬಲ್ಲಿ ಹದಿನಾರಾಣೆ ಒಂದು ಪೂರ್ಣ ರೂಪಾಯಿಯಾಗಿರುವಾಗ, ‘ನಾಲ್ಕಾಣೆ ಕೋಳಿಗೆ ಹನ್ನೆರಡಾಣೆ ಮಸಾಲೆ’ಯೆಂದು ದುಂದುಗಾರನನ್ನು ಹಳಿಯುವಲ್ಲಿ ಎರಡೂ ಕೂಡಿ ರೂಪಾಯಿಯೊಂದು ಸರಿಯಾಗಿ ತುಂಬುವಾಗ, ಮೂರು ಕಾಸಿನ ಮಾತೊಂದೇ ಲೆಕ್ಕವಿಲ್ಲದೆ ಹುಟ್ಟಿತೆಂಬುದು ಜನರ ಬುದ್ಧಿಗೆ ಮಾಡುವ ಅನ್ಯಾಯ.

ನನಗೆ ಬಾಯಿಲೆಕ್ಕ ಕಲಿಸಿದ ಉಪಾಧ್ಯಾಯರು, ಉತ್ತರ ತಡವಾದರೆ, ‘ನಿನ್ನ ಲೆಕ್ಕ ಮೂರು ಕಾಸಿಗೆ ಬಾಳದಲ್ಲಯ್ಯಾ’ ಎಂದು ಗದರಿ, ಆ ಮರುಕ್ಷಣವೇ ‘ಮೂರು ಕಾಸೆಂದರೆ ಎಷ್ಟು?’ ಎಂದು ಕೇಳಿ, ‘ಒಂದು ಪೈಸೆ’ಯೆಂಬ ಉತ್ತರ ಬಂದ ಬಳಿಕವೇ ಕುಳಿತುಕೊಳ್ಳಗೊಡುತ್ತಿದ್ದರು. ಬೈಗುಳವನ್ನೂ ಪಾಠವಾಗಿಸುವ ಆ ಹಿರಿಯ ಜೀವದ ಋಣ ನನ್ನ ಈ ವಾದದ ಮೇಲಿದೆ.

ಆದರೆ ಒಂದು ತೊಡಕು ನನ್ನನ್ನು ಬಿಡದು. ಪೈಸೆಗೆ ಮೂರೆಂಬ ಈ ಲೆಕ್ಕವನ್ನು ನೆಲೆಗೊಳಿಸಿದ್ದು ಕಂಪನಿ ಸರ್ಕಾರದ 1835ರ ನಾಣ್ಯಶಾಸನ. ಅದಕ್ಕೆ ಹಿಂದೆ ಮುಮ್ಮಡಿ ಕೃಷ್ಣರಾಜ ಒಡೆಯರು ಅಚ್ಚುಹಾಕಿಸಿದ ತಾಮ್ರದ ನಾಣ್ಯಗಳ ಮೇಲೆ ‘ಮೈಲಿ ಕಾಸು 20’, ‘ಮೈಲಿ ಕಾಸು 10’ ಎಂದಿರುವುದನ್ನು ನೋಡಿದರೆ, ಆ ಕಾಸಿನ ಗಣನೆಯೇ ಬೇರೆ. ಅಲ್ಲಿ ಮೂರಕ್ಕೆ ಎಡೆಯಿಲ್ಲ. ಹಾಗಿರುವಲ್ಲಿ ಮಾತು ಹಿಂದಿನದೋ, ನಾಣ್ಯ ಹಿಂದಿನದೋ? ತಿರಸ್ಕಾರಕ್ಕಾಗಿ ಮೊದಲೇ ಇದ್ದ ಮೂರು, ಪೈಸೆ ಬಂದ ಮೇಲೆ ಅದಕ್ಕೆ ಅಂಟಿಕೊಂಡಿತೆಂದು ಪ್ರತಿವಾದಿಗಳು ಹೇಳಿದರೆ ನಾನೇನು ಉತ್ತರ ಕೊಡಲಿ? 1835ಕ್ಕೆ ಹಿಂದಿನ ಶಾನುಭೋಗರ ಕಡತವೇನಾದರೂ ತಮ್ಮ ಮನೆಗಳ ಅಟ್ಟದಲ್ಲಿ ಉಂಟೇ, ಮತ್ತು ಅದರಲ್ಲಿ ಈ ಮಾತು ಉಂಟೇ?