ಎಂತ ಆಯ್ತ್ ಮಗಾ?

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಆಪ್ತಸಮಾಲೋಚಕ. ಊರಿಗೆ ಬಂದಾಗ ಕೆಲವರು "ಇವ್ರ್ ಮರ್ಲಿನ ಡಾಕ್ಟ್ರಾ?" ಎಂದು ಕೇಳುವುದುಂಟು. ನಾನು ಡಾಕ್ಟರಲ್ಲ, ಮದ್ದು ಬರೆದುಕೊಡುವವನೂ ಅಲ್ಲ. ದೊಡ್ಡ ಪೆಟ್ಟು ತಿಂದ ಮನಸ್ಸಿನ ಜೊತೆ, ಆ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಆ ಕೆಲಸದ ಮೊದಲ ಪಾಠ ನನಗೆ ಸಿಕ್ಕಿದ್ದು ಇದೇ ಶಾಲೆಯಲ್ಲಿ. ಇವತ್ತು ಅದನ್ನು ಹೇಳಿ ಹೋಗಬೇಕು ಅಂತಲೇ ಬಂದಿದ್ದೇನೆ.

ಒಂಬತ್ತನೇ ತರಗತಿಯಲ್ಲಿ ನಾನು ಕ್ಲಾಸ್ ಲೀಡರ್. ತಡವಾಗಿ ಬಂದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಅಧಿಕಾರ ನನ್ನದು. ಒಬ್ಬ ಹುಡುಗನ ಹೆಸರನ್ನು ದಿನಾ ಬರೆಯುತ್ತಿದ್ದೆ. ಬಂದರೂ ನಿದ್ದೆ ಹೊಡೆಯುತ್ತಿದ್ದ. ಗುಡುಗು ಬಂದರೆ ಬೆಚ್ಚಿ ಏಳುತ್ತಿದ್ದ. ಸುಮ್ಮಸುಮ್ಮನೆ ಜಗಳಕ್ಕೆ ಬರುತ್ತಿದ್ದ. "ನಿಂಗೆಂತ ಕೇಡ್ ಬಂದದ್ದಾ?" ಎಂದು ನಾನೇ ಎಷ್ಟೋ ಸಲ ಬೈದಿದ್ದೆ. ಉಳಿದವರೆಲ್ಲ ನಗುತ್ತಿದ್ದರು.

ಒಂದು ದಿನ ನಮ್ಮ ಮೇಷ್ಟ್ರು ಬೋರ್ಡು ನೋಡಿ ಅವನನ್ನು ಹೊರಗೆ ಜಗಲಿಗೆ ಕರೆದರು. ಬೆತ್ತ ಒಳಗೇ ಇತ್ತು. "ಎಂತ ಆಯ್ತ್ ಮಗಾ?" ಎಂದರು. ಅವನು ಮಾತಾಡಲಿಲ್ಲ. "ಈಗ ಬ್ಯಾಡ ಅಂದ್ರೆ ಬ್ಯಾಡ" ಎಂದು ಒಳಗೆ ಕರೆತಂದು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರಿಸಿದರು. ಹೊರಗೆ ಹೋಗಬೇಕು ಅನ್ನಿಸಿದರೆ ಹೇಳಿ ಹೋಗು, ಕಾರಣ ಹೇಳಬೇಕಾಗಿಲ್ಲ ಎಂದರು. ಅವನಾಗಿ ಮೇಷ್ಟ್ರ ಹತ್ತಿರ ಹೇಳಿಕೊಂಡದ್ದು ಎಷ್ಟೋ ದಿನದ ಮೇಲೆ. ಮಳೆಗಾಲ ಶುರುವಾಗುವ ಹೊತ್ತಿಗೆ ಕಡಲಿಗೆ ಹೋದ ಅವನ ಅಪ್ಪ ತಿರುಗಿ ಬಂದಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ. ಅಮ್ಮನ ಜೊತೆ ದಿನಾ ಬೆಳಿಗ್ಗೆ ಕಡಲ ಬದಿಗೆ ಹೋಗಿ ನೋಡಿಕೊಂಡು, ಆಮೇಲೆ ಅವನು ಶಾಲೆಗೆ ಬರುತ್ತಿದ್ದ. ನಾನು ಬೋರ್ಡಿನಲ್ಲಿ ಬರೆಯುತ್ತಿದ್ದದ್ದು ಅದನ್ನು.

ಮುಂದೆ ಓದುವಾಗ ನನಗೆ ಪುಸ್ತಕದಲ್ಲಿ ಇದೇ ಮಾತು ಸಿಕ್ಕಿತು. "ನಿನ್ನಲ್ಲಿ ಏನು ದೋಷ?" ಎಂದು ಕೇಳುವ ಬದಲು "ನಿನಗೆ ಏನಾಯಿತು?" ಎಂದು ಕೇಳಬೇಕು. ಆಘಾತವನ್ನು ಅರಿತು ನೆರವಾಗುವ ಕ್ರಮ ಎಂದು ಇವತ್ತು ಜಗತ್ತಿನಾದ್ಯಂತ ಹೇಳುವುದರ ತಿರುಳು ಇಷ್ಟೇ. ಅಪಾಯ ಕಂಡ ದೇಹ ಎಚ್ಚರವಾಗುತ್ತದೆ. ಎದೆ ಬಡಿತ ಏರುತ್ತದೆ, ಕೈಕಾಲು ಓಡಲು ಸಿದ್ಧವಾಗುತ್ತವೆ. ಅಪಾಯ ದಾಟಿದ ಮೇಲೂ ಕೆಲವರ ದೇಹಕ್ಕೆ ಅದು ಮುಗಿದದ್ದು ಗೊತ್ತಾಗುವುದಿಲ್ಲ. ನಿದ್ದೆ ಬಾರದಿರುವುದು, ಬೆಚ್ಚುವುದು, ಸಿಟ್ಟು, ಹೊಟ್ಟೆನೋವು, ಓದು ತಲೆಗೆ ಹತ್ತದಿರುವುದು ಎಲ್ಲ ಅದರಿಂದ. ನಾವು ಅದನ್ನು ಉಡಾಫೆ, ಸೋಮಾರಿತನ ಅನ್ನುತ್ತೇವೆ. ಇದು ಕಡಲಿಗೆ ಹೋದವರ ಮನೆಯ ಮಾತು ಮಾತ್ರವಲ್ಲ. ಹೆದ್ದಾರಿಯ ಅಪಘಾತ ಕಂಡವರು, ಕುಡಿದು ಹೊಡೆಯುವ ಮನೆಯಲ್ಲಿ ಬೆಳೆದ ಮಕ್ಕಳು, ಮೈಮುಟ್ಟಿದವರ ಹೆಸರನ್ನು ಹೇಳಲಾಗದ ಮಕ್ಕಳು, ಇವರೂ ಹೀಗೇ ಇರುತ್ತಾರೆ.

ಕರಾವಳಿಯವರಿಗೆ 'ಸುವರ್ಣ ತ್ರಿಭುಜ' ನೆನಪಿದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಮಹಾರಾಷ್ಟ್ರದ ಮಾಲ್ವಣ್ ಕಡಲಿನಲ್ಲಿ ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಹೋದವರು ಮರಳಲಿಲ್ಲ. ಇಂಥ ಅಗಲಿಕೆಯಲ್ಲಿ ಅಳುವುದಕ್ಕೂ ಧೈರ್ಯ ಬರುವುದಿಲ್ಲ, ಕಾಯುವುದನ್ನು ಬಿಡುವುದಕ್ಕೂ ಆಗುವುದಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರೊಂದಿಗೆ ಕೆಲಸ ಮಾಡಿದ ಅಮೆರಿಕದ ಪಾಲಿನ್ ಬಾಸ್ ಇದಕ್ಕೆ ಬೇರೆಯೇ ಹೆಸರಿಟ್ಟರು. ಕನ್ನಡದಲ್ಲಿ 'ಮುಗಿಯದ ಅಗಲಿಕೆ' ಅನ್ನಬಹುದು. ಏಳು ವರ್ಷ ಸುದ್ದಿಯಿಲ್ಲದವರನ್ನು ತೀರಿಕೊಂಡರೆಂದು ಭಾವಿಸಲು ಕಾನೂನಿನಲ್ಲಿ ಅವಕಾಶವಿದೆ. ಮನಸ್ಸಿಗೆ ಅಂಥ ಕಲಂ ಇಲ್ಲ.

ಇಂಥ ಮನೆಗಳಲ್ಲಿ ನಾನು ಕಂಡದ್ದನ್ನು ಗುರುತು ಸಿಗದಂತೆ ಹೇಳುತ್ತೇನೆ. ಅತ್ತೆ ಇನ್ನೂ ಮಗನಿಗೆ ಬಟ್ಟಲು ಇಡುತ್ತಾಳೆ. ಮೈದುನ ಬೊಜ್ಜ ಮಾಡಿ ಮುಗಿಸೋಣ ಅನ್ನುತ್ತಾನೆ. ಸೊಸೆಗೆ ಕರಿಮಣಿ ತೆಗೆಯುವುದೋ ಬೇಡವೋ ಗೊತ್ತಿಲ್ಲ. ಮನೆಯೊಳಗೆ ಜಗಳ. ಯಾರು ಸರಿ ಎಂದು ತೀರ್ಪು ಕೊಡಲು ನಾನು ಹೋಗುವುದಿಲ್ಲ. ಒಬ್ಬೊಬ್ಬರ ದುಃಖದ ನಡಿಗೆ ಒಂದೊಂದು ಥರ ಎಂದು ಎಲ್ಲರಿಗೂ ಕೇಳಿಸುವಂತೆ ಮಾಡುತ್ತೇನೆ. ಬಟ್ಟಲೂ ಇರಲಿ, ಮಗುವಿನ ಫೀಸಿನ ಲೆಕ್ಕವೂ ನಡೆಯಲಿ ಎಂಬಲ್ಲಿಗೆ ಬಂದರೆ ಆ ಮನೆ ಮತ್ತೆ ಉಸಿರಾಡುತ್ತದೆ.

ನೀವೂ ಮಾಡಬಹುದಾದದ್ದು ಇದೆ. ದುರಂತ ನಡೆದ ಮನೆಗೆ ಹೋದಾಗ "ಹ್ಯಾಂಗಾಯ್ತ್, ಎಲ್ಲಾ ಹೇಳಿ" ಎಂದು ಬಂದವರೆಲ್ಲ ಕೆದಕಬೇಡಿ. ಬಲವಂತದಿಂದ ಹೇಳಿಸಿದರೆ ಗಾಯ ಮತ್ತೆ ಬಿರಿಯುತ್ತದೆ. ಗಂಜಿ ಕೊಡಿ, ಮಕ್ಕಳನ್ನು ನೋಡಿಕೊಳ್ಳಿ, ಕಚೇರಿ ಕೆಲಸಕ್ಕೆ ಜೊತೆಗೆ ಹೋಗಿ, ಹೇಳಿದಾಗ ಕೇಳಿ. ಹೆಚ್ಚಿನವರು ಹೀಗೆ ತಮ್ಮವರ ಆಸರೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ನಿದ್ದೆಯಿಲ್ಲ, ಅದೇ ದೃಶ್ಯ ಕಣ್ಣಿಗೆ ಬರುತ್ತದೆ ಎಂದಾದರೆ ಚಿಕಿತ್ಸೆ ಬೇಕು. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ. ಹೆದರಿಕೆ ತಾಗಿದೆ ಎಂದು ನೂಲು ಕಟ್ಟಿಸಿದರೆ ನನ್ನ ತಕರಾರಿಲ್ಲ, ನೂಲು ಕಟ್ಟಿಸಿದ ಮೇಲೆ ಆಸ್ಪತ್ರೆಗೂ ಬನ್ನಿ.

ದಾರಿ ದೂರವಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮದೇ ರಾಜ್ಯದ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಶಾಲೆಯ ನೋಟೀಸ್ ಬೋರ್ಡಿನಲ್ಲಿ ಬರೆಸಿ ಎಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಳ್ಳುತ್ತೇನೆ.

ಆ ಗೆಳೆಯ ಎಸ್ಸೆಸ್ಸೆಲ್ಸಿ ಮುಗಿಸಿ ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದ. ಕೆಲವು ವರ್ಷದ ಹಿಂದೆ ಸಿಕ್ಕಾಗ ಬೋರ್ಡಿನ ವಿಷಯಕ್ಕೆ ಕ್ಷಮೆ ಕೇಳಿದೆ. ಅವನಿಗೆ ಅದು ನೆನಪೇ ಇರಲಿಲ್ಲ. "ಬಾಗ್ಲ್ ಹತ್ರ ಕೂರ್ಸಿದ್ರಲ್ಲ, ಅದ್ ನೆನ್ಪಿತ್ತ್ ಕಾಣ್" ಎಂದ.

ನನ್ನ ಕೋಣೆಯಲ್ಲಿ ಬಂದವರಿಗೆ ಬಾಗಿಲ ಪಕ್ಕದ ಕುರ್ಚಿ ಇಡುತ್ತೇನೆ. ಎದ್ದು ಹೋಗಲು ದಾರಿ ಕಾಣುತ್ತಿದ್ದರೆ ಅವರಿಗೆ ಕೂರುವ ಧೈರ್ಯ ಬರುತ್ತದೆ. ಇದನ್ನು ಕಲಿಸಿದ ಮೇಷ್ಟ್ರಿಗೆ, ಈ ಶಾಲೆಗೆ ತಲೆಬಾಗಿ ನನ್ನ ಮಾತು ಮುಗಿಸುತ್ತೇನೆ.